ಹನ್ನೆರಡು ಗಂಟೆಗೆ ಹುಟ್ಟುವ ದಿನ

ಮದುವೆಯಾಗಿ ಮೂವತ್ತೊಂಬತ್ತು ವರ್ಷವಾದರೂ ನಾವಿಬ್ಬರೂ ಹೋಟೆಲಿನ ಕೋಣೆಯಲ್ಲಿ ಒಂದು ದಿನವನ್ನೂ ಕಳೆದಿರಲಿಲ್ಲ. ಬಡತನ ಕಾರಣವಲ್ಲ. ಯಾವ ಊರಿಗೆ ಹೋದರೂ ಅಲ್ಲಿ ನೆಂಟರೊಬ್ಬರು ಇದ್ದೇ ಇರುತ್ತಿದ್ದರು. ಸೊಲ್ಲಾಪುರದಲ್ಲಿ ನನ್ನ ಚಿಕ್ಕಪ್ಪ, ಪುಣೆಯಲ್ಲಿ ನಮ್ಮ ಮನೆಯವರ ಸೋದರಮಾವ, ಮುಂಬೈ ಪಕ್ಕದ ಠಾಣೆಯಲ್ಲಿ ಅವರ ಅಕ್ಕ. ಯಾರೂ ಇಲ್ಲದ ಊರಿನಲ್ಲಿ ಮಠ ಇರುತ್ತಿತ್ತು. ನೆಂಟರಿರುವ ಊರಿಗೆ ಹೋಗಿ ಅವರ ಹೊಸ್ತಿಲು ತುಳಿಯದೆ ಬಂದರೆ ಅದು ಜಗಳ ಮಾಡಿದ್ದಕ್ಕಿಂತ ದೊಡ್ಡ ತಪ್ಪು. ಜಗಳವನ್ನು ಹಬ್ಬಕ್ಕೆ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ಜಳಕ, ಐದೂವರೆಗೆ ಲಿಂಗಪೂಜೆ. ಅದಾಗುವವರೆಗೆ ಬಾಯಿಗೆ ನೀರನ್ನೂ ಹಾಕುವುದಿಲ್ಲ. ರಾತ್ರಿ ಪಾಳಿ ಮತ್ತು ಎರಡು ಹೆರಿಗೆಯ ದಿನಗಳನ್ನು ಬಿಟ್ಟರೆ ಈ ಕ್ರಮ ತಪ್ಪಿದ್ದು ನೆನಪಿಲ್ಲ. ನಿವೃತ್ತಿಯ ಮರುದಿನವೂ ಏಳು ಗಂಟೆಗೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ಯಾವ ವಾರ್ಡಿಗೆ ಹೊಂಟೀದಿ?" ಎಂದು ಕೇಳಿದ್ದರು.

ಅವರು ಹುಬ್ಬಳ್ಳಿಯ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಇಡೀ ಜೀವನ ದುಡಿದವರು. ಹತ್ತಿಯ ಮಾದರಿಯ ಗಂಟು ಹಿಡಿದು ವರ್ಷಕ್ಕೆ ಆರೇಳು ಸಲ ಮುಂಬೈಗೆ ಹೋಗುತ್ತಿದ್ದರು. ಇಳಿಯುತ್ತಿದ್ದದ್ದು ಅಕ್ಕನ ಮನೆಯಲ್ಲೇ. ಒಂದು ದಿನ ಮುಂಬೈಯ ಫೋರ್ಟ್ ಬಡಾವಣೆಯ ಕಡೆ ನಡೆಯುವಾಗ ಹಳೆಯ ಕಲ್ಲಿನ ಕಟ್ಟಡವೊಂದರ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಗಂಡ ಹೆಂಡತಿ ಇಬ್ಬರು ಬೆತ್ತದ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರಂತೆ. ಇಬ್ಬರೂ ಮಾತಾಡುತ್ತಿರಲಿಲ್ಲವಂತೆ, ಸುಮ್ಮನೆ ರಸ್ತೆ ನೋಡುತ್ತಿದ್ದರಂತೆ. ಇಷ್ಟೇ. ಈ ಮಾತನ್ನು ಅವರು ನನಗೆ ಹೇಳಿದ್ದು ಹೋದ ವರ್ಷ, ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಯ ಅಡುಗೆಮನೆಯಲ್ಲಿ. ನಾನು ಕಟ್ಟೆಗೆ ಒರಗಿ ನಿಂತು ಚಹಾ ಕುಡಿಯುತ್ತಿದ್ದೆ. ಅವರು ಕುಳಿತಿದ್ದರು.

"ಇಷ್ಟು ವರ್ಷದಾಗ ನೀ ನನ್ನ ಜೋಡಿ ಕುಂತು ಒಂದು ಕಪ್ ಚಾ ಕುಡದಿಲ್ಲ, ಗೊತ್ತೈತೇನು?" ಅಂದರು.

"ಕುಂತು ಕುಡದರ ರುಚಿ ಬ್ಯಾರೆ ಆಕ್ಕೈತೇನು?"

"ನಾಕು ದಿನ ಮುಂಬೈಗೆ ಹೋಗೂಣು. ಹಾಟೆಲ್‌ನಾಗ ಇರೂಣು. ಯಾರ ಮನಿಗೂ ಹೋಗೂದಿಲ್ಲ, ಯಾರಿಗೂ ಹೇಳೂದಿಲ್ಲ. ನಾವಿಬ್ಬರ. ಅಷ್ಟ ಕೇಳ್ತೇನಿ."

ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಕಡಿಮೆ. ನನ್ನ ಪಾಳಿಗಳಿಗೆ ಹೊಂದಿಕೊಂಡು ಬಾಳಿದ ಮನುಷ್ಯ ಅವರು. ರಾತ್ರಿ ಪಾಳಿ ಇದ್ದಾಗ ಮಕ್ಕಳ ಜಡೆ ಹೆಣೆದವರೂ ಅವರೇ. ನಾನು ಒಪ್ಪಿಕೊಂಡೆ. ಆದರೆ ಹೋಟೆಲು ಹುಡುಕುವ ಕೆಲಸ ನನ್ನದು ಎಂದು ಹೇಳಿದೆ. ಅವರ ಕೈಗೆ ಬಿಟ್ಟರೆ ಬೆತ್ತದ ಕುರ್ಚಿಯ ಚಿತ್ರ ಕಂಡಲ್ಲೆಲ್ಲ ಮುಂಗಡ ಕಟ್ಟಿಬಿಡುವವರು.

ಎರಡು ತಿಂಗಳು ಹುಡುಕಿದೆ. ಮೊಬೈಲಿನಲ್ಲಿ ಬರುವ ಚಿತ್ರಗಳನ್ನು ನಂಬಬಾರದು ಎಂಬುದು ಮೊದಲ ವಾರದಲ್ಲೇ ತಿಳಿಯಿತು. ಎಲ್ಲ ಕೋಣೆಗಳೂ ಚಿತ್ರದಲ್ಲಿ ಮೈದಾನದಷ್ಟು ಅಗಲ, ಎಲ್ಲ ಹಾಸಿಗೆಗಳೂ ಹಿಮದಷ್ಟು ಬಿಳಿ. ಹೊಗಳಿಕೆಯನ್ನು ನಾನು ಓದಲೇ ಇಲ್ಲ. ಬರೀ ದೂರು ಓದಿದೆ, ವಾರ್ಡಿನ ದೂರಿನ ಪುಸ್ತಕ ಓದುತ್ತಿದ್ದ ಹಾಗೆ. ಗದ್ದಲ ಎಂದು ದೂರಿದವರನ್ನು ಕ್ಷಮಿಸಬಹುದು, ಅದು ಊರಿನ ತಪ್ಪು. ತಿಗಣೆ, ವಾಸನೆ, ಹರಿಯದ ನೀರು ಎಂದರೆ ಮುಂದೆ ನೋಡುವ ಹಾಗಿಲ್ಲ. ಸಮುದ್ರಕ್ಕೆ ಮುಖ ಮಾಡಿದ ಹೋಟೆಲುಗಳ ಬಾಡಿಗೆ ನಮಗೆ ಸಾಧ್ಯವಿರಲಿಲ್ಲ. ಅದೇ ಸಮುದ್ರದಿಂದ ಎರಡು ಓಣಿ ಹಿಂದೆ ಸರಿದರೆ ಬಾಡಿಗೆ ಅರ್ಧಕ್ಕೆ ಇಳಿಯುತ್ತಿತ್ತು. ಹಳೆಯ ಕಟ್ಟಡದ ಒಂದೇ ಮಹಡಿಯಲ್ಲಿ ಹತ್ತು ಹನ್ನೆರಡು ಕೋಣೆಯಿಟ್ಟುಕೊಂಡು ಮನೆಯವರೇ ನಡೆಸುವ ಸಣ್ಣ ಹೋಟೆಲುಗಳು ಅಲ್ಲಿ ಬೇಕಾದಷ್ಟು. ಅಂಥವು ನಮ್ಮ ಯಜಮಾನರ ಮನಸ್ಸಿನ ಚಿತ್ರಕ್ಕೂ ನಮ್ಮ ಪಿಂಚಣಿಗೂ ಹೊಂದುತ್ತಿದ್ದವು.

ಪ್ರತಿ ಹೋಟೆಲಿಗೂ ಎರಡು ಸಲ ಫೋನ್ ಮಾಡುತ್ತಿದ್ದೆ. ಮುಂಜಾನೆ ಹನ್ನೊಂದಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ಎರಡೂ ಸಲ ಅದೇ ಪ್ರಶ್ನೆಗಳು. ಉತ್ತರ ಬೇರೆಯಾದರೆ ಹೆಸರಿನ ಮೇಲೆ ಗೀಟು. ಐದು ಗಂಟೆಗೆ ಬಿಸಿನೀರು ಬರುತ್ತದೆಯೇ? ಚಾದರ ದಿನಾ ಬದಲಿಸುತ್ತೀರೋ, ಕೇಳಿದರೆ ಬದಲಿಸುತ್ತೀರೋ? ಅಡುಗೆಮನೆಯಲ್ಲಿ ಮಾಂಸ ಬೇಯಿಸುತ್ತೀರಾ? ಲಿಫ್ಟ್ ಇದೆಯೇ, ಇದ್ದರೆ ನಡೆಯುತ್ತದೆಯೇ? ಕಿಟಕಿ ತೆರೆದರೆ ಏನು ಕಾಣುತ್ತದೆ? ಒಬ್ಬ ಮ್ಯಾನೇಜರ್ ಎರಡು ಸಲವೂ "ಪಕ್ಕದ ಗೋಡೆ ಕಾಣುತ್ತದೆ, ತಾಯಿ" ಎಂದ. ಅಂಥ ಪ್ರಾಮಾಣಿಕನ ಹೋಟೆಲು ಬಿಡಲು ಮನಸ್ಸಾಗಲಿಲ್ಲ. ನಮ್ಮವರು, "ಗ್ವಾಡಿ ನೋಡಾಕ ಮುಂಬೈ ತನಕ ಯಾಕ ಹೋಗಬೇಕು? ಇಲ್ಲೇ ಹಿತ್ತಲದಾಗ ಐತಲ್ಲ," ಅಂದರು.

ಕೊನೆಗೆ ಸಿಕ್ಕಿದ್ದು ಹನ್ನೊಂದು ಕೋಣೆಯ ಒಂದು ಹೋಟೆಲು. ನಡೆಸುತ್ತಿದ್ದವರು ನನ್ನಷ್ಟೇ ವಯಸ್ಸಿನ ಹೆಂಗಸು. ನನ್ನ ಹಿಂದಿ ಕೇಳಿ ನಕ್ಕರು, ಆದರೆ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟರು. ಕೋಣೆಯಲ್ಲೇ ಗೀಸರ್ ಇದೆ, ಅಡುಗೆ ಶಾಕಾಹಾರಿ, ಕಿಟಕಿಯ ಹೊರಗೆ ಸಣ್ಣ ಬಾಲ್ಕನಿ, ಕೆಳಗೆ ಬಾದಾಮಿ ಮರ. ಎರಡನೇ ಸಲ ಫೋನ್ ಮಾಡಿದಾಗ, "ಮುಂಜಾನೆ ಕೇಳಿದವರು ನೀವೇ ಅಲ್ಲವೇ? ಮರ ಇನ್ನೂ ಅಲ್ಲೇ ಇದೆ," ಅಂದರು. ಆ ಕ್ಷಣವೇ ಕೋಣೆ ಗೊತ್ತು ಮಾಡಿದೆ. ಗುರುವಾರ ಮಧ್ಯಾಹ್ನದ ರೈಲು ಗಾಡಿ, ಶುಕ್ರವಾರ ಬೆಳಗಿನ ಜಾವ ಮುಂಬೈ. ಶುಕ್ರವಾರದಿಂದ ನಾಲ್ಕು ದಿನ ಕೋಣೆ ನಮ್ಮದು.

ಗಾಡಿ ಹೊತ್ತಿಗೆ ಸರಿಯಾಗಿ ಮುಟ್ಟಿತು. ಆರೂವರೆಗೆ ನಾವು ಆ ಹೋಟೆಲಿನ ಮೂರನೇ ಮಹಡಿಯಲ್ಲಿದ್ದೆವು. ಕಟ್ಟಿಗೆಯ ಮೆಟ್ಟಿಲು, ಹಳೆಯ ಗಡಿಯಾರ, ನೆಲಕ್ಕೆ ಬಣ್ಣದ ಹಂಚು. ನಮ್ಮವರ ಮುಖ ನೋಡಬೇಕಿತ್ತು. ಕೌಂಟರಿನಲ್ಲಿ ಫೋನಿನ ಹೆಂಗಸೇ ಇದ್ದರು. ಕೈ ಮುಗಿದು ಕುರ್ಚಿ ತೋರಿಸಿ, "ಕೂತುಕೊಳ್ಳಿ, ಹನ್ನೆರಡು ಗಂಟೆಗೆ ಕೋಣೆ ಕೊಡುತ್ತೇನೆ," ಅಂದರು.

ನಾನು ಗಡಿಯಾರ ನೋಡಿದೆ. "ಇವತ್ತು ಶುಕ್ರವಾರ. ಶುಕ್ರವಾರದಿಂದ ಕೋಣೆ ನಮ್ಮದಲ್ಲವೇ?" ಎಂದು ಕೇಳಿದೆ.

"ಹೌದು. ನಮ್ಮಲ್ಲಿ ಶುಕ್ರವಾರ ಹನ್ನೆರಡಕ್ಕೆ ಶುರುವಾಗುತ್ತದೆ. ಈಗ ಅದರಲ್ಲಿ ಗುರುವಾರದವರು ಮಲಗಿದ್ದಾರೆ. ಬೇರೆ ಹತ್ತೂ ಕೋಣೆ ತುಂಬಿವೆ."

ಅಷ್ಟೆಲ್ಲ ಕೇಳಿದವಳು ಇದೊಂದನ್ನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ದಿನ ಹುಟ್ಟುವುದು ಸೂರ್ಯನ ಜೊತೆ. ಆಸ್ಪತ್ರೆಯಲ್ಲಿ ಅದು ಏಳು ಗಂಟೆಗೆ, ರಾತ್ರಿ ಪಾಳಿಯವರು ಬೀಗದ ಕೈ ಒಪ್ಪಿಸಿದಾಗ. ಹನ್ನೆರಡಕ್ಕೆ ದಿನ ಹುಟ್ಟುವ ಜಾಗವೊಂದು ಇದೆ ಎಂಬುದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಇದ್ದಿದ್ದರಲ್ಲವೇ ಗೊತ್ತಾಗುವುದು!

ನಮ್ಮವರಿಗೆ ಇದು ಕಷ್ಟವೆಂದೇ ಅನ್ನಿಸಲಿಲ್ಲ. "ಕುಂದ್ರು. ಐದು ತಾಸು ಏನು ದೊಡ್ಡದು? ಗಡಿಬಿಡಿ ಯಾಕ?" ಅಂದರು. ಚೀಲ ಮೂಲೆಗೆ ಸರಿಸಿ, ಕೆಳಗೆ ಓಣಿ ನೋಡಿ ಬರುತ್ತೇನೆ ಎಂದು ಹೊರಟರು.

ನನಗೆ ಕುಳಿತುಕೊಳ್ಳಲು ಆಗಲಿಲ್ಲ. ಮೈಮೇಲೆ ಗಾಡಿಯ ಧೂಳು. ಜಳಕವಿಲ್ಲ, ಪೂಜೆಯಿಲ್ಲ, ನೀರಿಲ್ಲ. ಎದ್ದೆ, ಕಿಟಕಿಗೆ ಹೋದೆ, ಬಂದೆ. ಮೇಜಿನ ಮೇಲಿನ ಹಳೆಯ ಪೇಪರುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಏಳಾಯಿತು. ಹಸಿವೆಯನ್ನು ನಾನು ತಡೆಯಬಲ್ಲೆ. ನನ್ನನ್ನು ಕಾಡುತ್ತಿದ್ದದ್ದು ಬೇರೆ. ಪ್ರತಿ ಮುಂಜಾನೆ ಸರಿಯಾಗಿ ಕೂತುಕೊಳ್ಳುತ್ತಿದ್ದ ಒಂದು ಕೊಂಡಿ ಇವತ್ತು ಕೂತಿರಲಿಲ್ಲ, ಮುಂದಿನ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ. ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ. ಹನ್ನೆರಡರವರೆಗೆ ಹೀಗೆ ಇರುವುದು ಸಾಧ್ಯವಿಲ್ಲ ಅನ್ನಿಸಿತು. ಠಾಣೆಯಲ್ಲಿ ಅಕ್ಕಾರ ಮನೆ ಇದೆ, ಹಂಡೆ ತುಂಬ ಬಿಸಿನೀರಿದೆ, ದೇವರ ಕೋಣೆಯಿದೆ. ಜಳಕ ಮಾಡಿ, ಪೂಜೆ ಮುಗಿಸಿ, ಹನ್ನೆರಡಕ್ಕೆ ತಿರುಗಿ ಬಂದರಾಯಿತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆ ಮನೆಯೊಳಗೆ ಕಾಲಿಟ್ಟವರನ್ನು ಅಕ್ಕಾರು ನಾಲ್ಕು ದಿನ ಹೊರಗೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಫೋನ್ ಮಾಡಿದೆ.

"ಮುಂಬೈಯಾಗ ಇದ್ದೀರಿ?" ಅಕ್ಕಾರ ದನಿ ಏರಿತು. "ಹಾಟೆಲ್‌ನಾಗ? ನಾ ಏನು ಸತ್ತೇನೇನು? ನನ್ನ ತಮ್ಮ ಬಂದು ಲಾಜಿನ್ಯಾಗ ಇಳಿಯೂದಂದ್ರ ಇಲ್ಲೆ ಮಂದಿ ನನಗ ಏನಂದಾರು?"

"ಜಳಕ ಆಗಿಲ್ರಿ ಅಕ್ಕಾರ, ಪೂಜಿ ಆಗಿಲ್ಲ…"

"ಅಯ್ಯ ನನ್ನವ್ವ! ಅಲ್ಲೇ ಇರ್ರಿ. ಮಗನ್ನ ಗಾಡಿ ಕೊಟ್ಟು ಕಳಿಸ್ತೇನಿ. ಚೀಲಾ ಬಿಚ್ಚಬ್ಯಾಡ್ರಿ ಮತ್ತ."

ಫೋನ್ ಇಟ್ಟಾಗ ಸಮಾಧಾನವಾಯಿತು. ಒಂದು ನಿಮಿಷ. ಅಷ್ಟರಲ್ಲಿ ನಮ್ಮವರು ಮೆಟ್ಟಿಲು ಹತ್ತಿ ಬಂದರು. ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು, ಲಿಫ್ಟಿಗೂ ಕಾದಿರಲಿಲ್ಲ.

"ಏಳು, ಏಳು. ಕೌಂಟರಿನ ಬಾಯಾರಿಗೆ ಕೇಳೇನಿ. ಹಿಂದ ಕೆಲಸದವರ ಬಚ್ಚಲಾ ಐತಂತ. ತೊಳಿಸ್ಯಾರ, ಬಿಸಿನೀರು ಕಾಸಾಕತ್ತಾರ. ಬಾಜೂಕ ಒಂದು ಪಡಸಾಲಿ ಐತಿ, ಮೂಡಣಕ್ಕ ಮುಖ ಮಾಡಿ ಕುಂದ್ರಾಕ ಬರತೈತಿ. ನಾ ನೋಡಿ ಬಂದೇನಿ. ಲಿಂಗಪೂಜಿ ಅಂದ್ರ ಏನಂತ ಹಿಂದ್ಯಾಗ ಹೇಳೂದ್ರಾಗ ಸಾಕಾಗಿ ಹೋತು ನನಗ."

ನಾನು ಏಳಲಿಲ್ಲ.

"ಯಾಕ? ಕೆಲಸದವರ ಬಚ್ಚಲಾ ಬ್ಯಾಡೇನು? ಹತ್ತಿ ತಗೊಂಡು ಅಡ್ಡಾಡುವಾಗ ನಾ ಪ್ಲಾಟ್‌ಫಾರ್ಮಿನ ನಳದಾಗ ಮುಖಾ ತೊಳಕೊಂಡು ಬೆಂಚಿನ ಮ್ಯಾಲೆ ಕುಂತು ಪೂಜಿ ಮಾಡೇನಿ. ಲಿಂಗ ಏನೂ ಅಂದಿಲ್ಲ."

"ಅಕ್ಕಾರಿಗೆ ಫೋನ್ ಮಾಡೇನ್ರಿ," ಅಂದೆ.

ಅವರು ಕೇಳಿಸಲಿಲ್ಲವೇನೋ ಎನ್ನುವಂತೆ ನನ್ನನ್ನು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಳಿತರು.

"ಯಾವಾಗ?"

"ಈಗ. ಅಳಿಯಾ ಗಾಡಿ ತಗೊಂಡು ಹೊಂಟಾನು."

ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಮೂಲೆಗೆ ಸರಿಸಿದ್ದ ಚೀಲವನ್ನು ಎತ್ತಿ ತಂದು ಕಾಲ ಹತ್ತಿರ ಇಟ್ಟುಕೊಂಡರು. "ಆತು ಬಿಡು," ಅಂದರು. "ಜಳಕಾ ಅಲ್ಲೇ ಮಾಡೀಯಂತ." ಇಷ್ಟನ್ನು ಮೂವತ್ತೊಂಬತ್ತು ವರ್ಷ ಹೇಳಿದ ದನಿಯಲ್ಲೇ ಹೇಳಿದರು. ಪಾಳಿ ಬದಲಾಯಿತು ಎಂದು ನಾನು ಹೇಳಿದಾಗಲೆಲ್ಲ, ರಜೆ ಸಿಗಲಿಲ್ಲ ಎಂದು ಹೇಳಿದಾಗಲೆಲ್ಲ ಅವರು ಅನ್ನುತ್ತಿದ್ದದ್ದು ಇದೇ "ಆತು ಬಿಡು." ಅಷ್ಟು ವರ್ಷ ಅದನ್ನು ನಾನು ಒಪ್ಪಿಗೆ ಎಂದೇ ತಿಳಿದಿದ್ದೆ.

ನಾನು ಒಣ ಸೀರೆ ತೆಗೆದುಕೊಂಡು ಹಿಂದಿನ ಬಚ್ಚಲಿಗೆ ಹೋದೆ. ಒಂದು ಬಕೀಟು ನೀರು, ಹೊಗೆಯಾಡುತ್ತಿತ್ತು. ಜಳಕ ಮಾಡಿದೆ. ಪಡಸಾಲೆಯಲ್ಲಿ ಚಾಪೆಯೊಂದನ್ನು ಹಾಸಿಟ್ಟಿದ್ದರು. ಪಕ್ಕದಲ್ಲಿ ಚಾದರಗಳ ರಾಶಿ, ಇಸ್ತ್ರಿಯ ಮೇಜು, ಒಂದು ಹಳೆಯ ಸೈಕಲ್ಲು. ವಿಭೂತಿ ಹಚ್ಚಿಕೊಂಡು ಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತೆ. ಮನಸ್ಸು ಒಂದು ಕ್ಷಣವೂ ನಿಲ್ಲಲಿಲ್ಲ. ಗಾಡಿ ಎಲ್ಲಿಗೆ ಬಂದಿರಬಹುದು, ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದರೆ ಎಷ್ಟು ಹೊತ್ತು, ಈಗಲೇ ಫೋನ್ ಮಾಡಿ ತಡೆಯಬಹುದೇ, ತಡೆದರೆ ಏನು ಹೇಳುವುದು. ಅಷ್ಟು ಕೆಟ್ಟ ಪೂಜೆಯನ್ನು ನಾನು ಹಿಂದೆ ಮಾಡಿರಲಿಲ್ಲ. ಹೇಗೋ ಮುಗಿಸಿ ಎದ್ದು ಅಕ್ಕಾರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಅಡುಗೆಗೆ ತೊಡಗಿರಬೇಕು, ತಮ್ಮನಿಗೆ ಪ್ರೀತಿಯ ಹೋಳಿಗೆ. ಅಳಿಯನಿಗೆ ಹಚ್ಚಿದೆ. "ಬಂದೆ ಅತ್ತಿ, ಕೆಳಗ ಗಾಡಿ ನಿಂದ್ರಸಾಕತ್ತೇನಿ," ಅಂದ.

ಅಳಿಯನೆಂದರೆ ಅಕ್ಕಾರ ಹಿರಿಯ ಮಗ, ಐವತ್ತು ಮುಟ್ಟುತ್ತಿರುವವನು. ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಸೀದಾ ಚೀಲಕ್ಕೆ ಕೈ ಹಾಕಿದ. ಚೀಲದ ಇನ್ನೊಂದು ಹಿಡಿಕೆಯನ್ನು ನಾನು ಹಿಡಿದೆ.

"ಬಿಡ್ರಿ ಅತ್ತಿ, ನಾ ಒಯ್ತೇನಿ."

"ಅದು ಇಲ್ಲೇ ಇರಲಿ. ನಿಮ್ಮ ಅವ್ವಗ ಫೋನ್ ಹಚ್ಚು."

ಮಗನ ಫೋನನ್ನು ಅಕ್ಕಾರು ಒಂದೇ ಸಲಕ್ಕೆ ಎತ್ತಿದರು. "ಹೊಂಟ್ರೇನು? ಹೂರಣಾ ರುಬ್ಬೇನಿ."

"ಅಕ್ಕಾರ, ನಾ ಮಾತಾಡಾಕತ್ತೇನ್ರಿ. ತಪ್ಪು ನಂದು. ನಾ ಫೋನ್ ಮಾಡಬಾರದಿತ್ತು. ನಾವು ಬರೂದಿಲ್ರಿ."

"ಯಾಕ? ಜಳಕಾ ಆಗಿಲ್ಲಂದಿ?"

"ಆತ್ರಿ. ಇಲ್ಲೇ ಆತು."

"ಹಂಗಾರ ಊಟಕ್ಕ ಬರ್ರಿ."

ಹುಷಾರಿಲ್ಲ ಎನ್ನಬಹುದಿತ್ತು. ಯಾರದೋ ಮದುವೆಗೆ ಬಂದಿದ್ದೇವೆ ಎನ್ನಬಹುದಿತ್ತು. ಅಳಿಯ ನನ್ನ ಮುಖ ನೋಡುತ್ತಿದ್ದ. ಕೌಂಟರಿನ ಹೆಂಗಸು ಭಾಷೆ ತಿಳಿಯದಿದ್ದರೂ ಬರೆಯುವುದನ್ನು ನಿಲ್ಲಿಸಿದ್ದರು. ನಮ್ಮವರು ನೆಲದ ಹಂಚು ನೋಡುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಏನು ಹೇಳಿದರೂ ಒಪ್ಪಿಕೊಳ್ಳುವುದಕ್ಕೆ ಅವರು ಆಗಲೇ ತಯಾರಾಗಿಬಿಟ್ಟಿದ್ದರು.

"ಊಟಕ್ಕೂ ಇಲ್ರಿ," ಅಂದೆ. "ನಾವಿಬ್ಬರ ಇರಬೇಕಂತ ಬಂದೇವಿ. ನಿಮ್ಮ ತಮ್ಮ ಅದನ್ನೊಂದ ಕೇಳಿದ್ರು."

ಆ ಕಡೆ ಕುಕ್ಕರಿನ ಸೀಟಿ ಕೇಳಿತು. ಆಮೇಲೆ ಅಕ್ಕಾರು, "ಈ ವಯಸ್ಸಿನ್ಯಾಗ?" ಅಂದರು.

"ಹೌದ್ರಿ."

"ಆತವಾ, ಮೇಟ್ರನ್ ಬಾಯಿ. ಇರ್ರಿ ಇಬ್ಬರೂ," ಎಂದು ಫೋನ್ ಇಟ್ಟುಬಿಟ್ಟರು.

ಅಳಿಯ ಫೋನನ್ನು ಜೇಬಿಗೆ ಹಾಕಿಕೊಂಡ. ನಗು ತಡೆಯಲು ನೋಡಿದ, ಆಗಲಿಲ್ಲ. "ಮಾಮಾ, ನೀವು ಭಾರಿ ಇದ್ದೀರಿ ಬಿಡ್ರಿ. ಆ ಹೂರಣಾ ಎಲ್ಲಾ ಈಗ ನಾ ಒಬ್ಬಾವ ತಿನ್ನಬೇಕು, ಬೈಸಿಗೊಂತ." ನಾನು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಅವನ ಕೈಗೆ ಕೊಟ್ಟೆ. ಅಕ್ಕಾರಿಗೆಂದು ಒಂದು ಕುಪ್ಪಸದ ಖಣವನ್ನೂ ಕೊಡಬೇಕಿತ್ತು. ಯಾರಿಗೂ ಹೇಳದೆ ಬಂದವಳು ಖಣ ಎಲ್ಲಿಂದ ತರಲಿ? ಅವನು ಮೆಟ್ಟಿಲು ಇಳಿಯುವ ಸದ್ದು ಕೇಳುತ್ತ ನಿಂತೆ. ನಮ್ಮವರು ಚೀಲವನ್ನು ತಿರುಗಿ ಮೂಲೆಗೆ ಒಯ್ದಿಟ್ಟರು.

ಹನ್ನೆರಡಾಗಲು ಇನ್ನೂ ಎರಡೂವರೆ ತಾಸು ಇತ್ತು.

ಆ ನಾಲ್ಕು ದಿನ ಸುಖವಾಗಿದ್ದವು ಎಂದು ಬರೆದರೆ ಅರ್ಧ ಸುಳ್ಳು. ಕೋಣೆ ಹೇಳಿದ ಹಾಗೆಯೇ ಇತ್ತು. ಬಾಲ್ಕನಿಯಲ್ಲಿ ಬೆತ್ತದ್ದಲ್ಲ, ಕಬ್ಬಿಣದ ಎರಡು ಕುರ್ಚಿ. ನಾನು ನಾಲ್ಕೂವರೆಗೆ ಎದ್ದು ಆರರೊಳಗೆ ಎಲ್ಲ ಮುಗಿಸಿ, ಮುಂದೆ ಏನು ಮಾಡುವುದೆಂದು ತಿಳಿಯದೆ ಕೋಣೆಯಲ್ಲಿ ಅಡ್ಡಾಡುತ್ತಿದ್ದೆ. ಅವರು ಎಂಟರವರೆಗೆ ಮಲಗುತ್ತಿದ್ದರು. ಅವರು ಅಷ್ಟು ಹೊತ್ತು ಮಲಗಬಲ್ಲರೆಂಬುದೇ ನನಗೆ ತಿಳಿದಿರಲಿಲ್ಲ. ಚಹಾ ಬಂದಾಗ ಕುರ್ಚಿಯಲ್ಲಿ ಕುಳಿತರೂ ಕಾಲು ಹೊರಡುವ ಹಾಗೇ ಇರುತ್ತಿತ್ತು. ಮೊದಲ ದಿನ ಎರಡು ಸಲ ಎದ್ದೆ. ಎರಡನೇ ದಿನ ಒಂದು ಸಲ. ಸಂಜೆ ಸಮುದ್ರದ ಕಟ್ಟೆಯ ಮೇಲೆ ಕುಳಿತಾಗ, ತಾವು ಚಿಕ್ಕಂದಿನಲ್ಲಿ ಈಜು ಕಲಿತ ಬಾವಿಯ ಬಗ್ಗೆ, ಅಂಗಡಿಯ ಮಾಲೀಕರು ಒಮ್ಮೆ ಎಲ್ಲರೆದುರು ಬೈದದ್ದರ ಬಗ್ಗೆ ಹೇಳಿದರು. ಆ ಬೈಗುಳದ ದಿನ ನಾನು ಎಲ್ಲಿದ್ದೆ ಎಂದು ಕೇಳಿದೆ. "ಡ್ಯೂಟಿ ಮ್ಯಾಲೆ," ಅಂದರು.

ಹುಬ್ಬಳ್ಳಿಗೆ ಬಂದ ಮೇಲೆ ಅಕ್ಕಾರ ಫೋನ್ ಬರಲಿಲ್ಲ. ನಾನು ಮಾಡಿದರೆ ಮಗ ಎತ್ತುತ್ತಿದ್ದ. "ಅವ್ವ ಮಲಗ್ಯಾಳ್ರಿ ಅತ್ತಿ," ಅನ್ನುತ್ತಿದ್ದ, ಹಿಂದೆ ಅವ್ವನ ಕೆಮ್ಮು ಕೇಳುತ್ತಿತ್ತು. ನಾಗರ ಪಂಚಮಿಗೆ ತವರಿಗೆ ಬರುವುದನ್ನು ಅಕ್ಕಾರು ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಬರಲಿಲ್ಲ. ಉಂಡಿ ಕಟ್ಟಿ ಡಬ್ಬಿ ತುಂಬಿಟ್ಟೆ. ನಮ್ಮವರು ಒಂದನ್ನೂ ಮುಟ್ಟಲಿಲ್ಲ. ಅಕ್ಕ ಬಾರದ ಪಂಚಮಿಯನ್ನು ಅವರಿಗೆ ತಂದುಕೊಟ್ಟವಳು ನಾನೇ. ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ, ಆದರೂ ಆ ವಾರವಿಡೀ ನಿದ್ದೆ ಹತ್ತಲಿಲ್ಲ.

ಹಬ್ಬ ಮುಗಿದ ವಾರವೇ ಮುಂಬೈ ರೈಲಿಗೆ ಎರಡು ಸೀಟು ತೆಗೆಸಿದೆ. ಈ ಸಲ ಒಳ್ಳೆಯ ಖಣ, ಕೊಬ್ಬರಿ, ಉಂಡಿಯ ಡಬ್ಬಿ. ಫೋನ್ ಮಾಡದೆ ಹೋದೆವು. ಮುಂಜಾನೆ ಎಂಟು ಗಂಟೆಗೆ ಠಾಣೆಯ ಆ ಮನೆಯ ಗಂಟೆ ಒತ್ತಿದೆ. ಅಕ್ಕಾರೇ ಬಾಗಿಲು ತೆಗೆದರು. ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಚೀಲಗಳನ್ನು ನೋಡಿದರು.

"ಯಾಕ?" ಅಂದರು. "ಹಾಟೆಲ್ ಎಲ್ಲಾ ತುಂಬಿದ್ದೂವೇನು?"

ನಮ್ಮವರು ಬಾಯಿ ತೆರೆಯುವ ಮೊದಲೇ ನಾನು, "ಇಲ್ರಿ ಅಕ್ಕಾರ, ಕೋಣಿ ಹಿಡದೇವ್ರಿ," ಅಂದೆ. "ನಾಳಿಯಿಂದ. ಇವತ್ತು ನಿಮ್ಮ ಮನ್ಯಾಗ."

ಬಹಳ ಹೊತ್ತಿನ ಮೇಲೆ ಅಕ್ಕಾರು ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ತೆಗೆದರು.